ಅರಿಶಿನದ ಅಣುವಿಗೆ ಯಾವ ಲೆಕ್ಕ?

ಮದುಮಗಳು ಮನೆ ಬಾಗಿಲಿಗೆ ಬಂದಾಗ ಆರತಿ ತಟ್ಟೆಗೆ ನೀರು ಹಾಕಿ, ಅರಿಶಿನ ಕದಡಿ, ಮೇಲೊಂದು ಚಿಟಿಕೆ ಸುಣ್ಣ ಬಿಡುತ್ತಾರೆ. ಬೆರಳಲ್ಲಿ ಒಂದು ಸುತ್ತು ತಿರುಗಿಸಿದರೆ ಸಾಕು, ಹಳದಿ ನೀರು ಕೆಂಪಾಗುತ್ತದೆ. ಅದಕ್ಕೇ ನಿಂಬೆಹಣ್ಣು ಹಿಂಡಿ ನೋಡಿ, ಮತ್ತೆ ಹಳದಿಗೆ ತಿರುಗುತ್ತದೆ. ಚಿಕ್ಕವಳಿದ್ದಾಗ ಇದು ನನಗೆ ಮಾಯೆಯಂತೆ ಕಾಣುತ್ತಿತ್ತು. ರಸಾಯನಶಾಸ್ತ್ರ ಓದಿದ ಮೇಲೆ ಬೆರಗು ಇನ್ನೂ ಜಾಸ್ತಿಯಾಯಿತು. ಅರಿಶಿನದ ಆಂಟಿಆಕ್ಸಿಡೆಂಟ್ ಗುಣವನ್ನು ಕಂಪ್ಯೂಟರ್‌ನಲ್ಲಿ ಲೆಕ್ಕ ಹಾಕುವವರು ಮೊದಲು ಗಮನಿಸಬೇಕಾದ ಸಂಗತಿ ಆ ತಟ್ಟೆಯಲ್ಲೇ ಇದೆ.

ಅರಿಶಿನದ ಬಣ್ಣ ಕರ್ಕ್ಯುಮಿನ್ ಎಂಬ ಅಣುವಿನದು. ಒಟ್ಟು 47 ಪರಮಾಣುಗಳು. ಎರಡು ತುದಿಗೂ ಒಂದೊಂದು ಫಿನಾಲ್ ಗುಂಪು, ಅಂದರೆ ಉಂಗುರಕ್ಕೆ ಅಂಟಿದ ಆಮ್ಲಜನಕ, ಅದರ ತುದಿಗೆ ಒಂದು ಹೈಡ್ರೋಜನ್. ಎಣ್ಣೆ ಹಳತಾಗಿ ಕಮಟು ವಾಸನೆ ಬರುತ್ತದೆ, ಅಲ್ವಾ? ಅಲ್ಲಿ ಜೋಡಿಯಿಲ್ಲದ ಎಲೆಕ್ಟ್ರಾನ್ ಇರುವ ಪೆರಾಕ್ಸಿಲ್ ಎಂಬ ರ‍್ಯಾಡಿಕಲ್‌ಗಳು ಒಂದು ಅಣುವಿನಿಂದ ಹೈಡ್ರೋಜನ್ ಕಿತ್ತುಕೊಳ್ಳುತ್ತವೆ. ಹಾಗೆ ಕಳೆದುಕೊಂಡ ಅಣು ಪಕ್ಕದ್ದನ್ನು ಕೆಡಿಸುತ್ತದೆ. ಹೀಗೆ ಸರಪಳಿ ಬೆಳೆಯುತ್ತದೆ. ತನ್ನ ಹೈಡ್ರೋಜನ್ ಕೊಟ್ಟು ಈ ಸರಪಳಿ ಕಡಿಯುವ ಅಣುವೇ ಆಂಟಿಆಕ್ಸಿಡೆಂಟ್.

ಹಾಗಾದರೆ ಆ ಹೈಡ್ರೋಜನ್ ಎಷ್ಟು ಗಟ್ಟಿಯಾಗಿ ಅಂಟಿದೆ ಎಂದು ಲೆಕ್ಕ ಹಾಕಬೇಕು. ಸಾದಾ ಫಿನಾಲ್‌ನಲ್ಲಿ ಈ ಬಂಧ ಮುರಿಯಲು ಮೋಲ್‌ಗೆ ಸುಮಾರು 87 ಕಿಲೋಕ್ಯಾಲರಿ ಬೇಕು. ವಿಟಮಿನ್ ಇಯಲ್ಲಿ ಅದು 77-78ಕ್ಕೆ ಇಳಿಯುತ್ತದೆ. ಅದಕ್ಕೇ ವಿಟಮಿನ್ ಇ ಅಷ್ಟು ಸುಲಭವಾಗಿ ಹೈಡ್ರೋಜನ್ ಬಿಟ್ಟುಕೊಡುತ್ತದೆ. ಇಡೀ ಅಣುವಿನ ಶಕ್ತಿ, ಹೈಡ್ರೋಜನ್ ಹೋದ ಮೇಲಿನ ರ‍್ಯಾಡಿಕಲ್‌ನ ಶಕ್ತಿ, ಬಿಡಿ ಹೈಡ್ರೋಜನ್‌ನ ಶಕ್ತಿ, ಈ ಮೂರು ಗೊತ್ತಿದ್ದರೆ ಕೂಡಿ ಕಳೆದರೆ ಆಯಿತು. ಆದರೆ ಈ ಮೂರನ್ನು ಯಾವ ವಿಧಾನದಲ್ಲಿ ತೆಗೆಯುವುದು?

ಬಹಳ ನಿಖರವಾದ ಕಪಲ್ಡ್ ಕ್ಲಸ್ಟರ್ ವಿಧಾನವಿದೆ. ಅದರ ಕೆಲಸ ಅಣುವಿನ ಗಾತ್ರದ ಏಳನೇ ಘಾತದಲ್ಲಿ ಬೆಳೆಯುತ್ತದೆ. 13 ಪರಮಾಣುಗಳ ಫಿನಾಲ್‌ಗೆ ಒಂದು ಗಂಟೆ ಹಿಡಿದರೆ, ಕರ್ಕ್ಯುಮಿನ್‌ಗೆ ಸುಮಾರು 8000 ಗಂಟೆ. ಹನ್ನೊಂದು ತಿಂಗಳು! ಹಾಗಾಗಿ ಹೆಚ್ಚಿನವರು ಡೆನ್ಸಿಟಿ ಫಂಕ್ಷನಲ್ ಥಿಯರಿ, ಅಂದರೆ ಡಿಎಫ್‌ಟಿ ಹಿಡಿಯುತ್ತಾರೆ. ಪ್ರತಿ ಎಲೆಕ್ಟ್ರಾನಿನ ಬೆನ್ನು ಹತ್ತದೆ, ಎಲ್ಲ ಎಲೆಕ್ಟ್ರಾನ್‌ಗಳೂ ಸೇರಿ ಎಲ್ಲೆಲ್ಲಿ ಎಷ್ಟು ದಟ್ಟವಾಗಿವೆ ಎಂಬುದರಿಂದ ಶಕ್ತಿ ಕಂಡುಹಿಡಿಯುವ ದಾರಿ ಇದು. ಇದಕ್ಕಾಗಿ ವಾಲ್ಟರ್ ಕೋನ್ ಅವರಿಗೆ 1998ರಲ್ಲಿ ನೊಬೆಲ್ ಬಂತು, ಜಾನ್ ಪೋಪಲ್ ಅವರ ಜೊತೆ.

ಡಿಎಫ್‌ಟಿಯಲ್ಲೂ ಬಗೆಬಗೆಯ ಫಂಕ್ಷನಲ್‌ಗಳಿವೆ. ಅಂದರೆ ಆ ದಟ್ಟಣೆಯಿಂದ ಶಕ್ತಿ ತೆಗೆಯುವ ಸೂತ್ರಗಳು. ಎಲ್ಲರ ಬಾಯಲ್ಲಿರುವ ಹೆಸರು ಬಿ3ಎಲ್‌ವೈಪಿ. ಫಿನಾಲ್ ಬಂಧದ ಶಕ್ತಿಯನ್ನು ಅದು ಕೆಲವು ಕಿಲೋಕ್ಯಾಲರಿ ಕಡಿಮೆ ಹೇಳುತ್ತದೆ. ಒಂದೇ ಜಾತಿಯ ಅಣುಗಳನ್ನು ಹೋಲಿಸುವಾಗ ಈ ತಪ್ಪು ಎರಡೂ ಕಡೆ ಇರುವುದರಿಂದ ಬಹುಮಟ್ಟಿಗೆ ವಜಾ ಆಗಿಬಿಡುತ್ತದೆ. ಕ್ರಿಯೆಯ ವೇಗ ಬೇಕೆಂದರೆ ಮಾತ್ರ ಅದು ಸಾಲದು. ಅಲ್ಲಿ ಎಂ06-2ಎಕ್ಸ್ ಥರದ್ದು ಉತ್ತಮ. ಕೋಣೆಯ ಉಷ್ಣಾಂಶದಲ್ಲಿ ದಾಟಬೇಕಾದ ಶಕ್ತಿಯ ತಡೆ 1.4 ಕಿಲೋಕ್ಯಾಲರಿ ಹೆಚ್ಚುಕಡಿಮೆಯಾದರೆ ವೇಗ ಹತ್ತು ಪಟ್ಟು ಬದಲಾಗುತ್ತದೆ. ಹೀಗಾಗಿ ಚಿಕ್ಕ ತಪ್ಪೂ ದೊಡ್ಡದೇ.

ಆದರೆ ಫಂಕ್ಷನಲ್‌ನದೇ ಚಿಂತೆ ಮಾಡುತ್ತಾ ಕೂತರೆ ಬೇರೆ ಕಡೆ ಎಡವುತ್ತೇವೆ. ಕರ್ಕ್ಯುಮಿನ್‌ನ ತುದಿಯನ್ನು ಹತ್ತಿರದಿಂದ ನೋಡಿ. ಫಿನಾಲ್‌ನ ಹೈಡ್ರೋಜನ್ ಪಕ್ಕದ ಮೆಥಾಕ್ಸಿ ಗುಂಪಿನ ಆಮ್ಲಜನಕದ ಕಡೆ ವಾಲಿಕೊಂಡು ನಿಂತಿರುತ್ತದೆ. ಅದೊಂದು ಪುಟ್ಟ ಹೈಡ್ರೋಜನ್ ಬಂಧ. ಚಿತ್ರ ಬರೆಯುವಾಗ ನಾವು ಸುಮ್ನೆ ಅದನ್ನು ಆಚೆ ಕಡೆಗೆ ತಿರುಗಿಸಿ ಲೆಕ್ಕಕ್ಕೆ ಕೊಟ್ಟೆವು ಅನ್ನಿ. ಅಣು ನಾಲ್ಕೈದು ಕಿಲೋಕ್ಯಾಲರಿ ಮೇಲಿನಿಂದ ಶುರುವಾಗುತ್ತದೆ. ಹೈಡ್ರೋಜನ್ ಹೋದ ಮೇಲಿನ ರ‍್ಯಾಡಿಕಲ್ ಮಾತ್ರ ಅದೇ. ಆಗ ಬಂಧ ನಿಜಕ್ಕಿಂತ ಸಡಿಲ ಎಂದು ಉತ್ತರ ಬರುತ್ತದೆ. ಇಲ್ಲದ ಶಕ್ತಿಯನ್ನು ಅರಿಶಿನಕ್ಕೆ ಹೊರಿಸಿದ ಹಾಗಾಯಿತು! ಎಷ್ಟೇ ದುಬಾರಿ ವಿಧಾನ ಬಳಸಿದರೂ ಈ ತಪ್ಪು ಹಾಗೇ ಉಳಿಯುತ್ತದೆ. ಮೊದಲು ಎಕ್ಸ್‌ಟಿಬಿಯಂಥ ವೇಗದ ವಿಧಾನದಲ್ಲಿ ಅಣುವಿನ ಎಲ್ಲ ಭಂಗಿಗಳನ್ನೂ ಹುಡುಕಿ, ಕೆಳಗಿನದನ್ನು ಆರಿಸಿಕೊಂಡು, ಆಮೇಲೆ ದೊಡ್ಡ ಲೆಕ್ಕಕ್ಕೆ ಹೋಗಬೇಕು.

ಈಗ ಆರತಿ ತಟ್ಟೆಗೆ ಬರೋಣ. ಕರ್ಕ್ಯುಮಿನ್ ಯಾವ ಹೈಡ್ರೋಜನ್ ಕೊಡುತ್ತದೆ ಎಂಬುದರ ಬಗ್ಗೆ ವಿಜ್ಞಾನಿಗಳಲ್ಲೇ ಜಗಳವಿತ್ತು. 1999ರಲ್ಲಿ ಜೊವನೊವಿಚ್ ಮತ್ತು ಜೊತೆಗಾರರು ಅಣುವಿನ ನಡುವಿನ ಇಂಗಾಲದ ಹೈಡ್ರೋಜನ್ ಎಂದರು. ಮರುವರ್ಷವೇ ಕೆನಡಾದ ಬಾರ್ಕ್ಲೇ ತಂಡ, ಅಲ್ಲ, ತುದಿಯ ಫಿನಾಲ್‌ನದು ಎಂದಿತು. ಫಿನಾಲ್‌ನ ಹೈಡ್ರೋಜನ್ ಮುಚ್ಚಿಬಿಟ್ಟರೆ ಗುಣವೇ ಹೋಗುತ್ತದೆ ಎಂದು ತೋರಿಸಿತು. ನಮ್ಮ ಭಾಭಾ ಪರಮಾಣು ಸಂಶೋಧನಾ ಕೇಂದ್ರದಲ್ಲಿ ಇಂದಿರಾ ಪ್ರಿಯದರ್ಶಿನಿ ಅವರ ತಂಡವೂ 2003ರಲ್ಲಿ ಫಿನಾಲ್‌ನ ಪಾತ್ರವೇ ದೊಡ್ಡದು ಎಂದಿತು. ಗಂಟು ಪೂರ್ತಿ ಬಿಚ್ಚಿದ್ದು 2004ರಲ್ಲಿ, ಲಿಟ್ವಿನಿಯೆಂಕೊ ಮತ್ತು ಇಂಗೋಲ್ಡ್. ಮೆಥನಾಲ್‌ನಲ್ಲಿ ಕರ್ಕ್ಯುಮಿನ್ ವಿಪರೀತ ವೇಗವಾಗಿ ಕೆಲಸ ಮಾಡುತ್ತಿತ್ತು. ಸ್ವಲ್ಪ ಆಮ್ಲ ಹಾಕಿದ್ದೇ ನಿಧಾನವಾಯಿತು. ಅಂದರೆ ಅಲ್ಲಿ ಇಡೀ ಹೈಡ್ರೋಜನ್ ಒಟ್ಟಿಗೆ ಹೋಗುತ್ತಿಲ್ಲ. ಮೊದಲು ಪ್ರೋಟಾನ್ ಕಳಚುತ್ತದೆ, ಆಮೇಲೆ ಎಲೆಕ್ಟ್ರಾನ್ ಜಿಗಿಯುತ್ತದೆ. ಪ್ರೋಟಾನ್ ಕಳಚಲು ಬಿಡದ ದ್ರಾವಕದಲ್ಲಿ ಫಿನಾಲ್‌ನ ಹೈಡ್ರೋಜನ್ ಇಡಿಯಾಗಿ, ನಿಧಾನವಾಗಿ ಹೋಗುತ್ತದೆ.

ಸುಣ್ಣ ಹಾಕಿದಾಗ ನೀರು ಕೆಂಪಾಗುವುದೂ ಪ್ರೋಟಾನ್ ಕಳಚುವುದರಿಂದಲೇ. ನಿಂಬೆ ಅದನ್ನು ಮರಳಿ ಕೊಡುತ್ತದೆ.

ಕಂಪ್ಯೂಟರ್‌ನಲ್ಲಿ ದ್ರಾವಕ ಸೇರಿಸದೆ, ಅಣುವನ್ನು ಬರಿ ಶೂನ್ಯದಲ್ಲಿ ಇಟ್ಟರೆ ಈ ದಾರಿ ಕಾಣುವುದೇ ಇಲ್ಲ. ಶೂನ್ಯದಲ್ಲಿ ಫಿನಾಲ್‌ನಿಂದ ಪ್ರೋಟಾನ್ ಕೀಳಲು ಸುಮಾರು 350 ಕಿಲೋಕ್ಯಾಲರಿ ಬೇಕು. ನೀರಿನಲ್ಲಿ ಸುಮಾರು 14 ಸಾಕು! ಯಾವ ಎರಡು ಫಂಕ್ಷನಲ್‌ಗಳ ನಡುವೆಯೂ ಇಷ್ಟು ಅಂತರ ಇರುವುದಿಲ್ಲ. ಆದ್ದರಿಂದ ಎಸ್‌ಎಂಡಿಯಂಥ ದ್ರಾವಕ ಮಾದರಿ ಬೇಕೇ ಬೇಕು. ಪ್ರೋಟಾನ್ ಹೋದ ಮೇಲೆ ಉಳಿಯುವ ಋಣ ಅಯಾನಿನಲ್ಲಿ ಎಲೆಕ್ಟ್ರಾನ್‌ಗಳು ಅಗಲವಾಗಿ ಹರಡಿಕೊಳ್ಳುತ್ತವೆ. ಅವಕ್ಕೆ ಜಾಗ ಕೊಡುವ ಡಿಫ್ಯೂಸ್ ಫಂಕ್ಷನ್‌ಗಳನ್ನೂ ಸೇರಿಸಬೇಕು. ಅಯಾನಿನ ಪಕ್ಕಕ್ಕೆ ಒಂದೆರಡು ನಿಜವಾದ ನೀರಿನ ಅಣುಗಳನ್ನು ಇಟ್ಟರೆ ಇನ್ನೂ ಒಳ್ಳೆಯದು.

ಈಗಷ್ಟೇ ಕೆಲಸ ಶುರು ಮಾಡುತ್ತಿರುವ ವಿದ್ಯಾರ್ಥಿಗಳು ಬಂದು "ಮೇಡಂ, ಯಾವ ಫಂಕ್ಷನಲ್ ಬಳಸಲಿ?" ಎಂದು ಕೇಳುತ್ತಾರೆ. ನಿಮ್ಮ ಅಣು ಎಲ್ಲಿದೆ ಎಂದು ನಾನು ತಿರುಗಿ ಕೇಳುತ್ತೇನೆ. ಎಣ್ಣೆಯಲ್ಲೋ, ರಕ್ತದಲ್ಲೋ, ಮೆಥನಾಲ್ ತುಂಬಿದ ಪರೀಕ್ಷಾ ನಳಿಕೆಯಲ್ಲೋ? ಎಣ್ಣೆಯಾದರೆ ಬಂಧದ ಶಕ್ತಿಯೇ ಮುಖ್ಯ. ರಕ್ತದ ಪಿಎಚ್ 7.4, ಅಲ್ಲಿ ಎಷ್ಟು ಪಾಲು ಅಣುಗಳು ಆಗಲೇ ಪ್ರೋಟಾನ್ ಕಳಚಿಕೊಂಡಿವೆ ಎಂದು ಮೊದಲು ನೋಡಬೇಕು. ಓರ್ಕಾ ಎಂಬ ಸಾಫ್ಟ್‌ವೇರ್ ಶೈಕ್ಷಣಿಕ ಕೆಲಸಕ್ಕೆ ಉಚಿತವಾಗಿ ಸಿಗುತ್ತದೆ, ಇದಕ್ಕೆಲ್ಲ ಸಾಕು. ಅದರಲ್ಲಿ ಮೊದಲ ದಿನ ಕರ್ಕ್ಯುಮಿನ್ ಮುಟ್ಟಲು ಬಿಡುವುದಿಲ್ಲ. ಬರಿ ಫಿನಾಲ್ ಮಾಡಿಸುತ್ತೇನೆ. 87ರ ಹತ್ತಿರ ಬಂತಾ? ಎಷ್ಟು ಆಚೀಚೆ ಆಯಿತು? ಅದನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದಿಟ್ಟ ಮೇಲೆ ಅರಿಶಿನದ ಅಣು ತೆರೆಯುತ್ತೇವೆ.