ಅಮೆರಿಕದ ಯಹೂದಿಗಳೆಲ್ಲ ಇಸ್ರೇಲ್ ಸರ್ಕಾರದ ಪರವಾ?

ಗಾಜಾ ಯುದ್ಧ ಶುರುವಾದ ಮೇಲೆ ಓದುಗರು ಪದೇ ಪದೇ ಕೇಳುವ ಪ್ರಶ್ನೆ ಇದು. ನೇರ ಉತ್ತರ: ಇಲ್ಲ. ಇಸ್ರೇಲ್ ಬಗ್ಗೆ ಪ್ರೀತಿ ಇರುವವರು ಜಾಸ್ತಿ, ನಿಜ. ಆದರೆ ಆ ಪ್ರೀತಿ ನೆತನ್ಯಾಹು ಸರ್ಕಾರಕ್ಕೂ ಸಲ್ಲುತ್ತದೆ ಅಂದುಕೊಂಡರೆ ಲೆಕ್ಕ ತಪ್ಪುತ್ತದೆ.

ಯುದ್ಧಕ್ಕೂ ಮೊದಲು, 2020ರಲ್ಲಿ ಜನಾಭಿಪ್ರಾಯ ಅಳೆಯುವ ಸಂಸ್ಥೆಯಾದ ಪ್ಯೂ ರಿಸರ್ಚ್ ಸೆಂಟರ್ ಅಮೆರಿಕದ ಯಹೂದಿಗಳ ಸಮೀಕ್ಷೆ ಮಾಡಿತ್ತು. ಇಸ್ರೇಲ್ ಜೊತೆ ಭಾವನಾತ್ಮಕ ನಂಟಿದೆ ಅಂದವರು ಶೇ 58. ಅಲ್ಲಿನ ಸರ್ಕಾರ ಶಾಂತಿಗಾಗಿ ಪ್ರಾಮಾಣಿಕವಾಗಿ ಪ್ರಯತ್ನಿಸುತ್ತಿದೆ ಅಂದವರು ಬರೀ ಶೇ 33. ವಯಸ್ಸು ನೋಡಿದರೆ ವ್ಯತ್ಯಾಸ ಇನ್ನೂ ಎದ್ದು ಕಾಣುತ್ತದೆ: 65 ದಾಟಿದವರಲ್ಲಿ ಶೇ 67 ಮಂದಿಗೆ ಆ ನಂಟಿದೆ, 30ರೊಳಗಿನವರಲ್ಲಿ ಶೇ 48 ಮಂದಿಗೆ. ಹಿರಿಯರು ಹಿಟ್ಲರನ ಹತ್ಯಾಕಾಂಡದ ನೆನಪಿನ ನೆರಳಲ್ಲಿ ಬೆಳೆದವರು, 1967ರ ಮತ್ತು 1973ರ ಅರಬ್ ಯುದ್ಧಗಳಲ್ಲಿ ಈ ಪುಟ್ಟ ದೇಶ ಉಳಿಯುತ್ತದೋ ಇಲ್ಲವೋ ಅಂತ ರೇಡಿಯೊ ಮುಂದೆ ಕೂತು ಹೆದರಿದವರು. ಹುಡುಗರು ಕಂಡಿದ್ದೇ ಬೇರೆ. ಅವರಿಗೆ ಬುದ್ಧಿ ಬಂದಾಗಿನಿಂದ ಹೆಚ್ಚುಕಡಿಮೆ ನೆತನ್ಯಾಹು ಒಬ್ಬರೇ ಪ್ರಧಾನಿ, ಪ್ಯಾಲೆಸ್ಟೀನಿಯರು ವಾಸಿಸುವ ವೆಸ್ಟ್ ಬ್ಯಾಂಕಿನಲ್ಲಿ ಇಸ್ರೇಲಿನ ವಸಾಹತುಗಳು ಬೆಳೆಯುತ್ತಲೇ ಇವೆ.

ಇನ್ನೊಂದು ನೋವು ನಮ್ಮ ಸುದ್ದಿಗಳಲ್ಲಿ ಬರುವುದೇ ಇಲ್ಲ. ಅಮೆರಿಕದ ಯಹೂದಿಗಳಲ್ಲಿ ಸಂಪ್ರದಾಯಸ್ಥ ಆರ್ಥೊಡಾಕ್ಸ್ ಪಂಥದವರು ಸುಮಾರು ಶೇ 9 ಮಾತ್ರ. ಅವರಷ್ಟು ಕಟ್ಟುನಿಟ್ಟಲ್ಲದ ರಿಫಾರ್ಮ್, ಕನ್ಸರ್ವೇಟಿವ್ ಪಂಥದವರೇ ಜಾಸ್ತಿ. ಇವರ ರಬ್ಬಿಗಳು, ಅಂದರೆ ಧರ್ಮಗುರುಗಳು, ಇಸ್ರೇಲಿನಲ್ಲಿ ಮದುವೆ ಮಾಡಿಸಿದರೆ ಅದಕ್ಕೆ ಕಾನೂನಿನ ಮಾನ್ಯತೆ ಇಲ್ಲ. ಯಹೂದಿಗಳ ಪವಿತ್ರ ಸ್ಥಳವಾದ ಜೆರುಸಲೇಮಿನ ಪಶ್ಚಿಮ ಗೋಡೆಯ ಬಳಿ ಗಂಡಸರು ಹೆಂಗಸರು ಒಟ್ಟಿಗೆ ಪ್ರಾರ್ಥಿಸಲು ಜಾಗ ಕೊಡುತ್ತೇವೆ ಅಂತ 2016ರಲ್ಲಿ ಒಪ್ಪಿದ್ದ ಸರ್ಕಾರ, ಸಂಪ್ರದಾಯಸ್ಥ ಪಕ್ಷಗಳ ಒತ್ತಡಕ್ಕೆ 2017ರಲ್ಲಿ ಅದನ್ನು ತಡೆಹಿಡಿಯಿತು. ದಶಕಗಳಿಂದ ದುಡ್ಡು, ಬೆಂಬಲ ಎರಡೂ ಕೊಟ್ಟವರಿಗೆ ಇದು ಎಷ್ಟು ಚುಚ್ಚಿರಬೇಡ!

2023ರ ಅಕ್ಟೋಬರ್ 7ರಂದು ಹಮಾಸ್ ಸುಮಾರು 1,200 ಜನರನ್ನು ಕೊಂದು, 251 ಮಂದಿಯನ್ನು ಒತ್ತೆಯಾಳುಗಳಾಗಿ ಎಳೆದೊಯ್ದಾಗ ಈ ಜಗಳಗಳೆಲ್ಲ ಒಮ್ಮೆಲೇ ಹಿಂದೆ ಸರಿದವು. ನವೆಂಬರ್ 14ರಂದು ವಾಷಿಂಗ್ಟನ್‌ನಲ್ಲಿ ಭಾರೀ ಜನ ಸೇರಿ ಇಸ್ರೇಲ್ ಪರ ನಿಂತರು. ಆದರೆ ಗಾಜಾದಲ್ಲಿ ಸಾವು ಹತ್ತಾರು ಸಾವಿರಕ್ಕೆ ಏರುತ್ತಿದ್ದಂತೆ ಬಿರುಕು ಮತ್ತೆ ಕಂಡಿತು. 2024ರ ಪಾಸೋವರ್ ಹಬ್ಬವನ್ನೇ ನೋಡಿ. ಈಜಿಪ್ಟಿನ ಗುಲಾಮಗಿರಿಯಿಂದ ಬಿಡುಗಡೆಯಾದದ್ದನ್ನು ನೆನೆಯುವ ಹಬ್ಬದೂಟ ಅದು. ಎಷ್ಟೋ ಮನೆಗಳಲ್ಲಿ ಒತ್ತೆಯಾಳುಗಳ ಹೆಸರಲ್ಲಿ ಊಟದ ಮೇಜಿನ ಮುಂದೆ ಒಂದು ಕುರ್ಚಿ ಖಾಲಿ ಬಿಟ್ಟರು. ಅದೇ ಹಬ್ಬದ ಎರಡನೇ ರಾತ್ರಿ ಬ್ರೂಕ್ಲಿನ್‌ನಲ್ಲಿ, ಸೆನೆಟರ್ ಚಕ್ ಶೂಮರ್ ಮನೆ ಹತ್ತಿರ, ಸಾವಿರಾರು ಯಹೂದಿಗಳು ಬೀದಿಯಲ್ಲೇ ಹಬ್ಬದ ವಿಧಿ ಮಾಡಿ, ಇಸ್ರೇಲಿಗೆ ಶಸ್ತ್ರಾಸ್ತ್ರ ಕೊಡಬೇಡಿ ಅಂತ ಕೇಳಿದರು; ನೂರಾರು ಮಂದಿ ಬಂಧನಕ್ಕೊಳಗಾದರು. ಎರಡೂ ಕಡೆಯವರು ಓದಿದ್ದು ಅದೇ ಬಿಡುಗಡೆಯ ಕಥೆ.

ಸ್ವತಃ ಯಹೂದಿಯಾದ ಆ ಶೂಮರ್ ಕೂಡ ಅದೇ ವರ್ಷದ ಮಾರ್ಚ್‌ನಲ್ಲಿ ಸೆನೆಟ್‌ನಲ್ಲಿ ನಿಂತು ನೆತನ್ಯಾಹು ಶಾಂತಿಗೆ ಅಡ್ಡಿ, ಇಸ್ರೇಲಿನಲ್ಲಿ ಹೊಸ ಚುನಾವಣೆ ಆಗಬೇಕು ಅಂದಿದ್ದರು. ಇಸ್ರೇಲಿನ ಹಳೆಯ ಬೆಂಬಲಿಗರು ಅವರು. ಹೀಗಿರುವಾಗ ಸರ್ಕಾರದ ಮೇಲಿನ ಸಿಟ್ಟನ್ನು ಎಲ್ಲೋ ಇರುವ ಸಿನಗಾಗ್ (ಯಹೂದಿ ಪ್ರಾರ್ಥನಾ ಮಂದಿರ) ಮೇಲೆ, ಯಹೂದಿ ಟೋಪಿ ಹಾಕಿಕೊಂಡು ದಾರಿಯಲ್ಲಿ ಹೋಗುವ ಹುಡುಗನ ಮೇಲೆ ತೀರಿಸುವುದು ಶುದ್ಧ ಅನ್ಯಾಯ, ಅಲ್ವಾ?

ಹಾಗಾದರೆ ಆರ್ಥೊಡಾಕ್ಸ್ ಪಂಥದವರೆಲ್ಲ ಸರ್ಕಾರದ ಪರವಾ ಅಂತ ಕೇಳಬಹುದು. ಬಹುಪಾಲು ಹೌದು. ಆದರೆ ಅವರಲ್ಲೇ ಅತಿ ಕಟ್ಟುನಿಟ್ಟಿನವರಾದ, ನ್ಯೂಯಾರ್ಕಿನ ವಿಲಿಯಮ್ಸ್‌ಬರ್ಗ್‌ನಲ್ಲಿ ದೊಡ್ಡ ಸಂಖ್ಯೆಯಲ್ಲಿರುವ ಸತ್ಮಾರ್ ಪಂಗಡದವರು ಯಹೂದಿ ರಾಷ್ಟ್ರವನ್ನೇ ಒಪ್ಪುವುದಿಲ್ಲ, ದೇವರು ಕಳಿಸುವ ಉದ್ಧಾರಕ ಮೆಸ್ಸೀಯ ಬರುವ ಮೊದಲು ಮನುಷ್ಯರು ಅದನ್ನು ಕಟ್ಟಬಾರದಿತ್ತು ಅನ್ನುವುದು ಅವರ ನಂಬಿಕೆ.