ಮಗು ಒಂದಕ್ಕೆ ಹೋಯ್ತಾ?

ಮಳೆಗಾಲ ಹಿಡಿಯಿತೆಂದರೆ ನಮ್ಮ ಮಕ್ಕಳ ಐಸಿಯು ಹೊರಗಿನ ಬೆಂಚಿನ ಮೇಲೆ ಒಂದೇ ಮಾತು: "ಪ್ಲೇಟ್‌ಲೆಟ್ ಎಷ್ಟಾಯ್ತು?" ಅಜ್ಜಿ ಕೇಳುತ್ತಾರೆ. ಊರಿಂದ ಫೋನ್ ಮಾಡಿದ ಚಿಕ್ಕಪ್ಪ ಕೇಳುತ್ತಾರೆ. ಒಮ್ಮೆ ಲಿಫ್ಟ್ ನಡೆಸುವವನೂ ಕೇಳಿದ್ದ. ನಲವತ್ತು ಸಾವಿರ ಅಂದರೆ ಮುಖ ಬಾಡುತ್ತದೆ, ಐವತ್ತು ಅಂದರೆ ಅರಳುತ್ತದೆ. ನಾನು ಮಾತ್ರ ಬೆಳಿಗ್ಗೆ ಒಳಗೆ ಹೋದ ತಕ್ಷಣ ಸಿಸ್ಟರನ್ನು ಕೇಳುವುದು ಬೇರೆ. "ಮಗು ಒಂದಕ್ಕೆ ಹೋಯ್ತಾ? ಎಷ್ಟು ಹೋಯ್ತು?"

ಒಬ್ಬ ಹುಡುಗನ ಕಥೆ ಹೇಳುತ್ತೇನೆ. ಗುರುತು ಸಿಗದ ಹಾಗೆ ಅಲ್ಲಿಲ್ಲಿ ಬದಲಿಸಿದ್ದೇನೆ. ನಾಲ್ಕು ವರ್ಷ, ತೂಕ 15 ಕಿಲೋ, ಎತ್ತರ 100 ಸೆಂಟಿಮೀಟರ್. ನಾಲ್ಕು ದಿನ ಜ್ವರ, ಡೆಂಗಿ ಅಂತ ರಿಪೋರ್ಟ್ ಬಂದಿತ್ತು. ಐದನೇ ದಿನ ಬೆಳಿಗ್ಗೆ ಜ್ವರ ಬಿಟ್ಟಿತು. ಮನೆಯವರಿಗೆ ಸಮಾಧಾನ. ಅರ್ಧ ಇಡ್ಲಿ ತಿಂದು ಮಲಗಿದ. ಮಧ್ಯಾಹ್ನದ ಹೊತ್ತಿಗೆ ಹೊಟ್ಟೆನೋವು, ಎರಡು ಸಲ ವಾಂತಿ, ಕೈಕಾಲು ತಣ್ಣಗೆ. ನಮ್ಮಲ್ಲಿಗೆ ಕರೆತಂದಾಗ ಕೇಳಿದೆ, ಕೊನೆಯ ಸಲ ಉಚ್ಚೆ ಯಾವಾಗ ಹೋದ? ತಾಯಿ ಅತ್ತೆಯ ಮುಖ ನೋಡಿದರು. "ನೀವು ಕರ್ಕೊಂಡು ಹೋಗಿದ್ರಾ ಅತ್ತೆ?" "ಇಲ್ಲಮ್ಮ, ನೀನು ಹೋಗಿರ್ತೀಯ ಅಂದ್ಕೊಂಡೆ." ಹಿಂದಿನ ರಾತ್ರಿಯಿಂದ ಯಾರೂ ಕರೆದುಕೊಂಡು ಹೋಗಿರಲಿಲ್ಲ. ಅವನೂ ಕೇಳಿರಲಿಲ್ಲ.

ಡೆಂಗಿಯಲ್ಲಿ ಜ್ವರ ಇಳಿಯುವ ಹೊತ್ತೇ ಅಪಾಯದ ಹೊತ್ತು. ಮೂರರಿಂದ ಏಳನೇ ದಿನದ ನಡುವೆ, ಒಂದೆರಡು ದಿನದ ಮಟ್ಟಿಗೆ, ಸಣ್ಣ ರಕ್ತನಾಳಗಳ ಗೋಡೆ ಸೋರತೊಡಗುತ್ತದೆ. ರಕ್ತದೊಳಗಿನ ನೀರಿನಂಶ ಹೊಟ್ಟೆಗೆ, ಎದೆಗೂಡಿಗೆ ಇಳಿಯುತ್ತದೆ. ರಕ್ತ ಗಟ್ಟಿಯಾಗುತ್ತದೆ, ಬಿಪಿ ಕುಸಿಯುತ್ತದೆ. ಹೃದಯ ಪಂಪ್ ಮಾಡುವ ರಕ್ತದಲ್ಲಿ ಸುಮಾರು ಐದನೇ ಒಂದು ಪಾಲು ಕಿಡ್ನಿಗೇ ಹೋಗುತ್ತದೆ. ರಕ್ತ ಕಡಿಮೆಯಾದಾಗ ದೇಹ ಮೊದಲು ಮಿದುಳು, ಹೃದಯ ಉಳಿಸಿಕೊಳ್ಳುತ್ತದೆ. ಕಿಡ್ನಿಯ ಪಾಲಿಗೆ ಕತ್ತರಿ ಬೀಳುತ್ತದೆ. ಹಾಗಾಗಿ ಉಚ್ಚೆ ಕಡಿಮೆಯಾಗುವುದು ಮೊದಮೊದಲು ಕಿಡ್ನಿಯ ಕಾಯಿಲೆಯೇ ಅಲ್ಲ, ಅದು ನೀರು ಉಳಿಸುವ ಜಾಣತನ. ಗಂಟೆಗಟ್ಟಲೆ ಹಾಗೇ ಬಿಟ್ಟರೆ ಕಿಡ್ನಿಯ ಕೊಳವೆಗಳ ಜೀವಕೋಶಗಳು ಉಸಿರುಗಟ್ಟಿ ಸಾಯತೊಡಗುತ್ತವೆ. ಆಗ ಅದು ಅಕ್ಯೂಟ್ ಕಿಡ್ನಿ ಇಂಜುರಿ, ನಮ್ಮ ಬಾಯಲ್ಲಿ ಎಕೆಐ. ವೈರಸ್ಸು ನೇರವಾಗಿಯೂ ಕಿಡ್ನಿಗೆ ಪೆಟ್ಟು ಕೊಡಬಹುದು. ಸ್ನಾಯು ಕರಗಿ ಅದರ ಕಸ ಕೊಳವೆಗಳಲ್ಲಿ ಕಟ್ಟಿಕೊಳ್ಳುವುದೂ ಉಂಟು. ಆದರೆ ನಾನು ನೋಡುವುದರಲ್ಲಿ ಜಾಸ್ತಿ ಈ ರಕ್ತ ಸಾಲದ ಕಥೆಯೇ.

ಹುಡುಗನ ಕ್ರಿಯಾಟಿನಿನ್ ರಿಪೋರ್ಟ್ ಬಂತು: 0.8. ಪಕ್ಕದಲ್ಲಿ 'ಸಾಮಾನ್ಯ ಮಟ್ಟ 0.6ರಿಂದ 1.2' ಅಂತ ಅಚ್ಚಾಗಿತ್ತು. ದಪ್ಪಕ್ಷರವಿಲ್ಲ, ನಕ್ಷತ್ರದ ಗುರುತಿಲ್ಲ. ನಾರ್ಮಲ್ ಅಲ್ವಾ? ಅಲ್ಲ. ಆ ಮಟ್ಟ ದೊಡ್ಡವರದ್ದು. ಕ್ರಿಯಾಟಿನಿನ್ ಸ್ನಾಯುವಿನಿಂದ ಬರುವ ಕಸ. ನಾಲ್ಕು ವರ್ಷದ ಮಗುವಿಗೆ ಸ್ನಾಯು ಎಷ್ಟಿದ್ದೀತು? ಆ ವಯಸ್ಸಿಗೆ 0.3, 0.4 ಇರಬೇಕು. ಅಂದರೆ ಇವನದ್ದು ಆಗಲೇ ದುಪ್ಪಟ್ಟು. ಮಕ್ಕಳಿಗೆ ಒಂದು ಸುಲಭ ಲೆಕ್ಕ ಇದೆ: ಎತ್ತರವನ್ನು 0.413ರಿಂದ ಗುಣಿಸಿ ಕ್ರಿಯಾಟಿನಿನ್‌ನಿಂದ ಭಾಗಿಸುವುದು. 0.4 ಇದ್ದರೆ ಕಿಡ್ನಿಯ ಸೋಸುವ ಶಕ್ತಿ ಸುಮಾರು 103. 0.8 ಆದರೆ 52. ಕಾಯಿಲೆ ಏರಿಳಿಯುತ್ತಿರುವಾಗ ಈ ಲೆಕ್ಕ ಕರಾರುವಾಕ್ಕಲ್ಲ, ಆದರೂ ಕಣ್ಣು ತೆರೆಸುತ್ತದೆ. ಪಿಜಿ ಓದುವಾಗ ನಾನೂ ಇಂಥ ರಿಪೋರ್ಟನ್ನು 'ನಾರ್ಮಲ್' ಅಂತ ಕೇಸ್ ಶೀಟಿನಲ್ಲಿ ಬರೆದಿದ್ದೇನೆ. ನಮ್ಮ ಮೇಡಂ ಅದರ ಕೆಳಗೆ ಕೆಂಪು ಶಾಯಿಯಲ್ಲಿ "ಯಾರಿಗೆ ನಾರ್ಮಲ್?" ಅಂತ ಬರೆದಿದ್ದರು.

ಇಷ್ಟಾದರೂ ಕ್ರಿಯಾಟಿನಿನ್ ತಡವಾಗಿ ಬರುವ ಸಾಕ್ಷಿ. ಕಿಡ್ನಿ ಪೆಟ್ಟು ತಿಂದು ಒಂದೆರಡು ದಿನ ಕಳೆದ ಮೇಲೆ ಅದು ಸರಿಯಾಗಿ ಏರುವುದು. ಉಚ್ಚೆ ಅವತ್ತೇ ಹೇಳುತ್ತದೆ. ತೂಕದ ಒಂದೊಂದು ಕಿಲೋಗೆ ಗಂಟೆಗೆ ಅರ್ಧ ಮಿಲೀಗಿಂತ ಕಡಿಮೆ, ಆರು ಗಂಟೆ ಹಾಗೇ ಇದ್ದರೆ ಎಕೆಐ ಅಂತ ಅಂತರರಾಷ್ಟ್ರೀಯ ಮಾನದಂಡ ಹೇಳುತ್ತದೆ. ನಮ್ಮ ಹುಡುಗನಿಗೆ ಆರು ಗಂಟೆಗೆ 45 ಮಿಲೀ. 60 ಮಿಲೀ ಪ್ಯಾರಸಿಟಮಾಲ್ ಬಾಟಲಿಯಲ್ಲಿ ಮುಕ್ಕಾಲು ಭಾಗ, ಅಷ್ಟೇ. ಅವನಿಗೆ ಅಷ್ಟೂ ಬಂದಿರಲಿಲ್ಲ. 2017ರಲ್ಲಿ ಪ್ರಕಟವಾದ ಅವೇರ್ ಎಂಬ ಅಧ್ಯಯನ ನಾಲ್ಕು ಖಂಡಗಳ 32 ಮಕ್ಕಳ ಐಸಿಯುಗಳಲ್ಲಿ 4,683 ಮಕ್ಕಳು ಮತ್ತು ಹರೆಯದವರನ್ನು ಗಮನಿಸಿತ್ತು. ನೂರರಲ್ಲಿ ಸುಮಾರು 27 ಮಂದಿಗೆ ಎಕೆಐ ಇತ್ತು. ಉಚ್ಚೆ ಕಡಿಮೆಯಾಗಿದ್ದವರಲ್ಲಿ ಮೂರರಲ್ಲಿ ಎರಡು ಪಾಲಿನವರ ಎಕೆಐ ಬರೀ ಕ್ರಿಯಾಟಿನಿನ್ ನೋಡಿದ್ದರೆ ಗೊತ್ತೇ ಆಗುತ್ತಿರಲಿಲ್ಲ. ರಕ್ತ ಪರೀಕ್ಷೆಗೆ ದುಡ್ಡು ಖರ್ಚು ಮಾಡುತ್ತೇವೆ, ಅಳತೆಯ ಜಗ್ಗು ಮೂಲೆಯಲ್ಲಿ ಧೂಳು ತಿನ್ನುತ್ತದೆ.

ಡೈಪರ್ ಹಾಕುವ ಕೂಸಾದರೆ? ತಕ್ಕಡಿ ಸಾಕು. ಒಣ ಡೈಪರ್ ತೂಗಿ, ಒದ್ದೆಯಾದ ಮೇಲೆ ಮತ್ತೆ ತೂಗಿ. ಒಂದು ಗ್ರಾಮು ಜಾಸ್ತಿಯಾದರೆ ಒಂದು ಮಿಲೀ ಉಚ್ಚೆ. ನಮ್ಮ ಸಿಸ್ಟರ್‌ಗಳು ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲೇ ತೂಗುತ್ತಾರೆ. ಮನೆಯಲ್ಲಿ ಅಷ್ಟೆಲ್ಲ ಬೇಡ. ಡೆಂಗಿ ಇರುವ ಮಗು ಎಷ್ಟು ಹೊತ್ತಿಗೆ ಉಚ್ಚೆ ಹೋಯಿತೆಂದು ಕ್ಯಾಲೆಂಡರ್ ಮೇಲೆ ಗೀಚಿಟ್ಟರೂ ಸಾಕು. ಆರು ಗಂಟೆ ಹೋಗಿಲ್ಲವೆಂದರೆ ಕಾಯಬೇಡಿ, ಆಸ್ಪತ್ರೆಗೆ ಹೊರಡಿ, ಜ್ವರ ಬಿಟ್ಟಿದ್ದರೂ ಸರಿ.

ಜ್ವರದ ಸಿರಪ್ಪಿನ ವಿಷಯ ಹೇಳದೆ ಮುಂದೆ ಹೋಗಲಾರೆ. ಆ ತಾಯಿಯ ಚೀಲದಲ್ಲಿ ಪ್ಯಾರಸಿಟಮಾಲ್ ಜೊತೆ ಮೆಫೆನಾಮಿಕ್ ಆಸಿಡ್ ಬೆರೆಸಿದ ಬಾಟಲಿ ಇತ್ತು. "ಮೆಡಿಕಲ್‌ನಲ್ಲಿ ಕೇಳಿದೆ ಸಾರ್, ಇದು ಬೇಗ ಇಳಿಸುತ್ತೆ ಅಂದ್ರು." ಇಳಿಸುತ್ತದೆ, ನಿಜ. ಆದರೆ ರಕ್ತ ಸಾಲದಿರುವಾಗ ಕಿಡ್ನಿ ತನ್ನೊಳಗೆ ಬರುವ ನಾಳವನ್ನು ಪ್ರೊಸ್ಟಾಗ್ಲಾಂಡಿನ್ ಎಂಬ ರಾಸಾಯನಿಕದಿಂದ ಅಗಲಿಸಿಟ್ಟುಕೊಂಡು ಬದುಕುತ್ತಿರುತ್ತದೆ. ಮೆಫೆನಾಮಿಕ್ ಆಸಿಡ್, ಐಬುಪ್ರೊಫೆನ್, ಡೈಕ್ಲೊಫೆನಾಕ್ ಇವೆಲ್ಲ ಆ ರಾಸಾಯನಿಕವನ್ನೇ ನಿಲ್ಲಿಸುತ್ತವೆ. ಇದ್ದ ಒಂದು ಬಾಗಿಲೂ ಮುಚ್ಚಿದ ಹಾಗೆ. ರಕ್ತಸ್ರಾವದ ಭಯ ಬೇರೆ. ಡೆಂಗಿ ಕಾಲದಲ್ಲಿ ಜ್ವರಕ್ಕೆ ಬರೀ ಪ್ಯಾರಸಿಟಮಾಲ್, ಕಿಲೋಗೆ 10ರಿಂದ 15 ಮಿಲಿಗ್ರಾಂ, ಆರು ಗಂಟೆಗೊಮ್ಮೆಗಿಂತ ಹೆಚ್ಚಿಲ್ಲ. ಮೈ ಸ್ವಲ್ಪ ಬೆಚ್ಚಗಿದ್ದರೆ ಇರಲಿ ಬಿಡಿ.

ಶಾಕ್‌ನಲ್ಲಿ, ಅಂದರೆ ರಕ್ತದ ಓಟವೇ ಕುಸಿದ ಸ್ಥಿತಿಯಲ್ಲಿ, ಬಂದವನಿಗೆ ಡ್ರಿಪ್ ಕೊಡಲೇಬೇಕು, ಕೊಟ್ಟೆವು. ಕೈ ಬೆಚ್ಚಗಾಯಿತು, ಬಿಪಿ ಎದ್ದಿತು. ಉಚ್ಚೆ ಮಾತ್ರ ಏಳಲಿಲ್ಲ. ಈ ಘಟ್ಟದಲ್ಲಿ ಕೈ ತಪ್ಪುವುದು ಸುಲಭ. ಉಚ್ಚೆ ಬರುತ್ತಿಲ್ಲವೆಂದು ಇನ್ನಷ್ಟು ನೀರು ಸುರಿಯುವ ಆಸೆ. ನಾಳ ಸೋರುತ್ತಿರುವಾಗ ಸುರಿದದ್ದೆಲ್ಲ ಎದೆಗೂ ಹೊಟ್ಟೆಗೂ ಸೇರುತ್ತದೆ. ಉಬ್ಬಿದ ಹೊಟ್ಟೆ ಕಿಡ್ನಿಯನ್ನು ಇನ್ನಷ್ಟು ಒತ್ತುತ್ತದೆ. ಹೋಗಲಿ ಅಂತ ಉಚ್ಚೆ ಹೆಚ್ಚಿಸುವ ಲ್ಯಾಸಿಕ್ಸ್ ಔಷಧಿ ಕೊಟ್ಟರೆ? ಸೋರಿಕೆ ನಡೆಯುತ್ತಿರುವಾಗ ಕೊಟ್ಟರೆ ಮತ್ತೆ ಶಾಕ್. ಅದು ಕಿಡ್ನಿಯನ್ನು ವಾಸಿಮಾಡುವ ಔಷಧಿಯೂ ಅಲ್ಲ. ಎರಡನೇ ರಾತ್ರಿ ಡ್ರಿಪ್ ಇಳಿಸುವುದರಲ್ಲಿ ನಾವೂ ಸ್ವಲ್ಪ ತಡಮಾಡಿದೆವು. ಎರಡು ದಿನದ ಲೆಕ್ಕ ಹಾಕಿದಾಗ ಒಳಗೆ ಹೋದದ್ದು 2,800 ಮಿಲೀ, ವಾಂತಿ ಉಚ್ಚೆ ಸೇರಿ ಹೊರಗೆ ಬಂದದ್ದು 500. ಉಳಿದ 2,300 ಮೈಯಲ್ಲೇ ಇತ್ತು. ಅವನ ತೂಕದ ಶೇಕಡಾ 15. ಹತ್ತು ದಾಟಿದರೇ ನನಗೆ ನಿದ್ದೆ ಬರುವುದಿಲ್ಲ.

ಅದೇ ಸಂಜೆ ಅವನ ಮಾವ ಪ್ರೀತಿಯಿಂದ ಎರಡು ಎಳನೀರು ತಂದಿದ್ದರು. ಜ್ವರ ಬಂದ ಮಗುವಿಗೆ ಎಳನೀರು ಒಳ್ಳೆಯದೇ, ಉಚ್ಚೆ ಸರಿಯಾಗಿ ಹೋಗುತ್ತಿದ್ದರೆ. ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ. ಕಿಡ್ನಿ ನಿಂತಾಗ ಅದನ್ನು ಹೊರಹಾಕುವವರಿಲ್ಲ. ರಕ್ತದಲ್ಲಿ ಏರಿ ಹೃದಯದ ಬಡಿತವನ್ನೇ ಕೆಡಿಸಬಹುದು. ಹುಡುಗನ ಪೊಟ್ಯಾಸಿಯಂ ಆಗಲೇ 6.4 ಇತ್ತು. ಎಳನೀರನ್ನು ಡ್ಯೂಟಿ ಡಾಕ್ಟರುಗಳು ಕುಡಿದರು.

ಮರುದಿನ ಬೆಳಿಗ್ಗೆ ಕ್ರಿಯಾಟಿನಿನ್ 2.6, ಉಸಿರಾಟ ಏದುಸಿರು. ಮೈತುಂಬಾ ನೀರಿದ್ದುದರಿಂದ ಆ ಅಂಕಿಯೂ ತೆಳುವಾಗಿತ್ತು, ನಿಜವಾದದ್ದು ಇನ್ನೂ ಮೇಲೆ. ಡಯಾಲಿಸಿಸ್ ಮಾಡೋಣ ಅಂದೆ. ತಂದೆ ಕೈಯಲ್ಲಿದ್ದ ರಿಪೋರ್ಟ್ ತೋರಿಸಿದರು. "ಪ್ಲೇಟ್‌ಲೆಟ್ ಏರ್ತಿದೆಯಲ್ಲಾ ಸಾರ್, ಮತ್ತೆ ಡಯಾಲಿಸಿಸ್ ಯಾಕೆ? ಜೀವನಪೂರ್ತಿ ಮಾಡಿಸ್ಬೇಕಾ?" ಎರಡೂ ನ್ಯಾಯವಾದ ಪ್ರಶ್ನೆ. ಪ್ಲೇಟ್‌ಲೆಟ್ ಏರುವುದಕ್ಕೂ ಕಿಡ್ನಿ ಏಳುವುದಕ್ಕೂ ಸಂಬಂಧವಿಲ್ಲ. ಇನ್ನು ಜೀವನಪೂರ್ತಿಯ ಮಾತು: ಇದು ಹಳೆಯ ಕಿಡ್ನಿ ಕಾಯಿಲೆಯಲ್ಲ. ಸತ್ತ ಕೊಳವೆಯ ಜೀವಕೋಶಗಳ ಜಾಗದಲ್ಲಿ ಹೊಸವು ಬೆಳೆಯುತ್ತವೆ. ಅಲ್ಲಿಯವರೆಗೆ ಆ ಕೆಲಸವನ್ನು ನಾವು ಮಾಡಿಕೊಡಬೇಕು.

ಮಾಡಿದ್ದು ಹೊಟ್ಟೆಯ ಡಯಾಲಿಸಿಸ್. ದೊಡ್ಡ ಮಷೀನು ಬೇಡ, ಮಂಚದ ಪಕ್ಕದಲ್ಲೇ ಆಗುತ್ತದೆ. ಹೊಕ್ಕಳ ಕೆಳಗೆ ಮೆತ್ತನೆಯ ಟ್ಯೂಬ್ ಇಟ್ಟು 150 ಮಿಲೀ ದ್ರಾವಣ ಒಳಗೆ ಬಿಡುವುದು, ಅರ್ಧ ಗಂಟೆ ಬಿಟ್ಟು ಹೊರಗೆ ತೆಗೆಯುವುದು, ಮತ್ತೆ ಬಿಡುವುದು. ಹೊಟ್ಟೆಯೊಳಗಿನ ತೆಳು ಪೊರೆಯೇ ಸೋಸುಬಟ್ಟೆ. ಟ್ಯೂಬ್ ಇಡುವಾಗ ರಕ್ತ ಬಂದೀತೆಂಬ ಹೆದರಿಕೆಯಿತ್ತು, ಬರಲಿಲ್ಲ. ಮೂರನೇ ದಿನ ರಾತ್ರಿ ಎರಡು ಗಂಟೆಗೆ ಸಿಸ್ಟರ್ ಫೋನ್ ಮಾಡಿ "ಸಾರ್, ಬ್ಯಾಗಲ್ಲಿ ಎಪ್ಪತ್ತು ಇದೆ" ಅಂದರು. ಎಪ್ಪತ್ತು ಮಿಲೀ ಉಚ್ಚೆ. ಆಮೇಲೆ ನಿಲ್ಲಿಸಲಾಗದಷ್ಟು ಬಂತು. ಏಳುತ್ತಿರುವ ಕಿಡ್ನಿಗೆ ಇನ್ನೂ ನೀರು ಹಿಡಿದಿಡಲು ಬಾರದು, ಹಾಗಾಗಿ ಆಗ ಉಪ್ಪು, ನೀರು ಕಡಿಮೆಯಾಗದ ಹಾಗೆ ನೋಡಬೇಕು.

ಡಿಸ್ಚಾರ್ಜ್ ಚೀಟಿಯಲ್ಲಿ ಒಂದು ಸಾಲು ನಾನೇ ಕೈಯಲ್ಲಿ ಬರೆಯುತ್ತೇನೆ: ಮೂರು ತಿಂಗಳಿಗೆ ಬಿಪಿ, ಉಚ್ಚೆಯಲ್ಲಿ ಪ್ರೋಟೀನ್, ಕ್ರಿಯಾಟಿನಿನ್. ಪೆಟ್ಟು ತಿಂದ ಕಿಡ್ನಿಯಲ್ಲಿ ಗಾಯದ ಕಲೆ ಉಳಿದರೆ ಮೊದಲು ಕಾಣುವುದು ಅಲ್ಲೇ. ಮಗು ಓಡಾಡುತ್ತಿದ್ದರೆ ಯಾರೂ ಬರುವುದಿಲ್ಲ. ಇವರು ಬಂದರು. ತಾಯಿ ಮಗನ ಹಳೆಯ ಕಾಪಿ ಪುಸ್ತಕದಲ್ಲಿ ಮನೆಗೆ ಹೋದ ಮೊದಲ ಎರಡು ವಾರ ಎಷ್ಟು ಸಲ ಉಚ್ಚೆ ಹೋದನೆಂದು ಬರೆದು ತಂದಿದ್ದರು. ಬಿಪಿ ಸರಿಯಿತ್ತು, ಪ್ರೋಟೀನ್ ಇಲ್ಲ, ಕ್ರಿಯಾಟಿನಿನ್ 0.4. ಎಲ್ಲ ಚೆನ್ನಾಗಿದೆ ಅಂತ ಚೀಟಿ ಮಡಚಿ ಕೊಟ್ಟೆ. ಬಾಗಿಲ ತನಕ ಹೋದ ತಂದೆ ತಿರುಗಿ ನಿಂತರು.

"ಸಾರ್, ಪ್ಲೇಟ್‌ಲೆಟ್ ಎಷ್ಟಿದೆ?"