ತಿರುಗುವ ಕೋಳಿಯ ಹೊರಗಿನ ಒಂದು ಮಿಲಿಮೀಟರ್

ಸರಳಿಗೆ ಪೋಣಿಸಿದ ಕೋಳಿಯನ್ನು ಕೆಂಡದೆದುರು ಯಾಕೆ ತಿರುಗಿಸುತ್ತಾರೆ ಎಂದು ಕೇಳಿದರೆ, ಎಲ್ಲ ಕಡೆ ಸಮನಾಗಿ ಬೇಯಲಿ ಅಂತ, ಎಂಬ ಉತ್ತರ ಥಟ್ಟನೆ ಬರುತ್ತದೆ. ತಪ್ಪೇನಲ್ಲ, ಆದರೆ ಪೂರ್ತಿ ಉತ್ತರವೂ ಅಲ್ಲ. ಸಮನಾಗಿ ಬೇಯುವುದಷ್ಟೇ ಬೇಕಿದ್ದರೆ ಓವನ್‌ನಲ್ಲಿಟ್ಟು ಸುಮ್ಮನಿರಬಹುದಿತ್ತು, ಇಲ್ಲವೇ ಕಾಲು ಗಂಟೆಗೊಮ್ಮೆ ಇಕ್ಕಳದಿಂದ ಮಗುಚಿ ಹಾಕಿದ್ದರೂ ನಡೆಯುತ್ತಿತ್ತು. ನಿಮಿಷಕ್ಕೆ ಎರಡು ಮೂರು ಸುತ್ತಿನಂತೆ ಬಿಡದೆ ತಿರುಗಿಸುವುದರಿಂದ ಆಗುವ ಲಾಭ ಬೇರೆಯದು. ಒಂದೇ ಬೆಂಕಿ ಅಲ್ಲಿ ಎರಡು ಬೆಂಕಿಯ ಕೆಲಸ ಮಾಡುತ್ತದೆ: ಚರ್ಮಕ್ಕೆ ಉರಿ, ಒಳಗಿನ ಮಾಂಸಕ್ಕೆ ಹದವಾದ ಕಾವು.

ಮೊದಲು ಬೆಂಕಿಯ ಮಾತು. ಗಾಳಿ ತಾಕದಂತೆ ಕಟ್ಟಿಗೆಯನ್ನು ಕಾಯಿಸಿದರೆ ಅದರೊಳಗಿನ ನೀರು, ಟಾರು, ಹೊತ್ತಿಕೊಳ್ಳುವ ಅನಿಲಗಳು ಹೊರಟುಹೋಗಿ ಇದ್ದಿಲು ಉಳಿಯುತ್ತದೆ. ಅದರಲ್ಲಿ ಬಹುಪಾಲು ಇಂಗಾಲ. ಜ್ವಾಲೆ ಎಂದರೆ ಉರಿಯುತ್ತಿರುವ ಅನಿಲ. ಆ ಅನಿಲ ಮೊದಲೇ ಹೋಗಿರುವುದರಿಂದ ಇದ್ದಿಲು ಭಗ್ಗನೆ ಉರಿಯದೆ ಮೇಲ್ಮೈಯಲ್ಲೇ ಆಮ್ಲಜನಕದೊಡನೆ ಕೂಡಿ ಕೆಂಪಗೆ ಹೊಳೆಯುತ್ತದೆ. ಚೆನ್ನಾಗಿ ಹತ್ತಿಕೊಂಡ ಕೆಂಡದ ಮೈ 800 ಡಿಗ್ರಿ ಸೆಲ್ಸಿಯಸ್ ಮುಟ್ಟುವುದು ಸಾಮಾನ್ಯ. ಆ ಬಿಸಿಯಲ್ಲಿ ಪ್ರತಿ ಚದರ ಮೀಟರ್ ಕೆಂಡ ಸುಮಾರು 75 ಕಿಲೋವಾಟ್ ಶಕ್ತಿಯನ್ನು ವಿಕಿರಣವಾಗಿ ಚೆಲ್ಲುತ್ತದೆ. ನಡು ಮಧ್ಯಾಹ್ನದ ಬಿಸಿಲು ನೆಲಕ್ಕೆ ಕೊಡುವುದು ಚದರ ಮೀಟರಿಗೆ ಒಂದು ಕಿಲೋವಾಟಿನ ಆಸುಪಾಸು ಎಂಬುದನ್ನು ನೆನೆದರೆ ಇದರ ಜೋರು ಗೊತ್ತಾಗುತ್ತದೆ. ಈ ವಿಕಿರಣ ಕೆಂಡದ ನಿರಪೇಕ್ಷ ಉಷ್ಣತೆಯ (ಅಂದರೆ ಸೊನ್ನೆ ಡಿಗ್ರಿಗಿಂತ 273 ಡಿಗ್ರಿ ಕೆಳಗಿನಿಂದ ಎಣಿಸಿದ ಉಷ್ಣತೆಯ) ನಾಲ್ಕನೇ ಘಾತಕ್ಕೆ ಅನುಗುಣವಾಗಿ ಏರಿಳಿಯುತ್ತದೆ. ಹಾಗಾಗಿ 800 ಡಿಗ್ರಿಯ ಕೆಂಡ 600ಕ್ಕೆ ಇಳಿದರೆ ಅದು ಚೆಲ್ಲುವ ಶಕ್ತಿ ಅರ್ಧಕ್ಕಿಂತಲೂ ಕಡಿಮೆಯಾಗುತ್ತದೆ. ಕಣ್ಣಿಗೆ ಕೆಂಡ ಕೆಂಡವೇ. ಕೋಳಿಗೆ ಮಾತ್ರ ಅಜಗಜಾಂತರ. ಗ್ರಿಲ್‌ನ ತಳದ ಗಾಳಿಕಿಂಡಿಯನ್ನು ಬೆರಳಗಲ ಸರಿಸಿದರೂ ಅಡುಗೆಯ ಗತಿ ಬದಲಾಗುವುದು ಇದರಿಂದಲೇ.

ಕೆಂಡದಿಂದ ಹೊರಡುವ ಈ ಶಕ್ತಿ ಬಹುಪಾಲು ಕಣ್ಣಿಗೆ ಕಾಣದ ಅವಕೆಂಪು ಕಿರಣಗಳ ರೂಪದಲ್ಲಿರುತ್ತದೆ. 800 ಡಿಗ್ರಿಯಲ್ಲಿ ಅವುಗಳ ತೀವ್ರತೆ ತುತ್ತತುದಿ ಮುಟ್ಟುವುದು 2.7 ಮೈಕ್ರೋಮೀಟರ್ ತರಂಗಾಂತರದ ಸುತ್ತ. ನೀರು ಗಬಗಬನೆ ಹೀರಿಕೊಳ್ಳುವ ತರಂಗಾಂತರಗಳೂ ಅಲ್ಲೇ ಪಕ್ಕದಲ್ಲಿವೆ. ಆದ್ದರಿಂದ ಕೆಂಡದ ಕಿರಣ ಕೋಳಿಯ ಒಳಕ್ಕೆ ನುಗ್ಗುವುದೇ ಇಲ್ಲ, ಚರ್ಮದ ತೆಳು ಪದರದಲ್ಲೇ ಮುಗಿದುಹೋಗುತ್ತದೆ. ಕೆಂಡದ ಕಾವು "ಒಳಗಿನವರೆಗೂ ಇಳಿಯುತ್ತದೆ" ಎಂಬ ಜಾಹೀರಾತಿನ ಮಾತನ್ನು ನಂಬಬೇಡಿ. ಮುಂದಿನ ದಾರಿಯನ್ನು ಬಿಸಿ ವಹನದ ಮೂಲಕ, ಅಂದರೆ ಒಂದು ಪದರದಿಂದ ಮುಂದಿನ ಪದರಕ್ಕೆ ದಾಟುತ್ತಾ, ತೆವಳುತ್ತಾ ಸಾಗಬೇಕು. ಮಾಂಸ ಬಿಸಿಯನ್ನು ಸಾಗಿಸುವುದರಲ್ಲಿ ಬಲು ಸೋಮಾರಿ. ಒಂದು ಸೆಂಟಿಮೀಟರ್ ಒಳಗೆ ಬಿಸಿ ಚೆನ್ನಾಗಿ ನಾಟಲು ಹತ್ತು ಹನ್ನೆರಡು ನಿಮಿಷ ಹಿಡಿಯುತ್ತದೆ. ದೂರ ಎರಡರಷ್ಟಾದರೆ ಹೊತ್ತು ನಾಲ್ಕರಷ್ಟಾಗುತ್ತದೆ.

ಇನ್ನು ತಿರುಗುವ ವಿಷಯ. ನಿಮಿಷಕ್ಕೆ ಮೂರು ಸುತ್ತು ಎಂದುಕೊಳ್ಳಿ, ಅಂದರೆ ಸುತ್ತಿಗೆ 20 ಸೆಕೆಂಡು. ಚರ್ಮದ ಒಂದು ಚುಕ್ಕೆ ಕೆಂಡದೆದುರು ಬಂದಾಗ ಸರ್ರನೆ ಕಾಯುತ್ತದೆ, ಆಚೆ ಹೋದಾಗ ತುಸು ಆರುತ್ತದೆ, ಮತ್ತೆ ಕಾಯುತ್ತದೆ. ಈ ಏರಿಳಿತ ಎಷ್ಟು ಆಳಕ್ಕೆ ಇಳಿಯುತ್ತದೆ ಎಂಬುದನ್ನು ಲೆಕ್ಕ ಹಾಕಬಹುದು. ಲೆಕ್ಕದ ದಾರಿ ತೋರಿಸಿದವನು ಫ್ರಾನ್ಸಿನ ಗಣಿತಜ್ಞ ಜೋಸೆಫ್ ಫೂರಿಯೆ, 19ನೇ ಶತಮಾನದ ಆರಂಭದಲ್ಲಿ. ಅವನು ಹಗಲು ರಾತ್ರಿಗಳ, ಬೇಸಗೆ ಚಳಿಗಾಲಗಳ ಬಿಸಿ ನೆಲದೊಳಗೆ ಹೇಗೆ ಇಳಿಯುತ್ತದೆ ಎಂದು ಯೋಚಿಸಿದ್ದ. ಹಗಲು ನೆಲ ಎಷ್ಟೇ ಸುಡಲಿ, ಒಂದು ಮೀಟರ್ ಕೆಳಗಿನ ಮಣ್ಣಿಗೆ ಹಗಲೂ ಒಂದೇ, ಇರುಳೂ ಒಂದೇ. ಅದಕ್ಕೆ ತಿಳಿಯುವುದು ದಿನದ ಸರಾಸರಿ ಮಾತ್ರ. ಕೋಳಿಯದೂ ಇದೇ ಕಥೆ. 20 ಸೆಕೆಂಡಿನ ಸುತ್ತಿನಲ್ಲಿ ಉಷ್ಣತೆಯ ಏರಿಳಿತ ಸುಮಾರು ಒಂದು ಮಿಲಿಮೀಟರ್ ಆಳದಲ್ಲೇ ಮೂರನೇ ಒಂದು ಭಾಗದಷ್ಟಕ್ಕೆ ಕುಗ್ಗುತ್ತದೆ. ಮೂರು ಮಿಲಿಮೀಟರ್ ಒಳಗೆ ಅದರ ಸುಳಿವೇ ಇರುವುದಿಲ್ಲ. ಹೊರಗೆ ಕೆಂಡ ಮತ್ತು ಗಾಳಿಯ ನಡುವೆ ಚರ್ಮ ಪರದಾಡುತ್ತಿದ್ದರೆ, ಒಳಗಿನ ಮಾಂಸ ತನಗೆ ತಲುಪುವ ಸರಾಸರಿ ಕಾವಿನಲ್ಲಿ ನೆಮ್ಮದಿಯಾಗಿ ಬೇಯುತ್ತಿರುತ್ತದೆ.

ಸುತ್ತಿನ ವೇಗ ಹೆಚ್ಚಿಸಿದರೆ ಕೋಳಿ ಬೇಗ ಬೇಯುತ್ತದೆಯೇ? ಇಲ್ಲ, ಸರಾಸರಿ ಅಷ್ಟೇ ಇರುತ್ತದೆ. ಬದಲಾಗುವುದು ಚರ್ಮ ಒಮ್ಮೆಗೆ ತಿನ್ನುವ ಏಟು ಮಾತ್ರ. ನಿಧಾನ ತಿರುಗಿದರೆ ಪ್ರತಿ ಸುತ್ತಿನಲ್ಲೂ ಹೆಚ್ಚು ಹೊತ್ತು ಸುಟ್ಟುಕೊಳ್ಳುತ್ತದೆ, ಬೇಗ ತಿರುಗಿದರೆ ಕರಕಲಾಗುವ ಮೊದಲೇ ಪಾರಾಗುತ್ತದೆ. ಲಿಯೊನಾರ್ಡೊ ಡ ವಿಂಚಿ ಬರೆದಿಟ್ಟ ಚಿತ್ರಗಳಲ್ಲಿ ಸರಳು ತಿರುಗಿಸುವ ಯಂತ್ರವೊಂದಿದೆ. ಹೊಗೆಗೂಡಿನಲ್ಲಿ ಮೇಲೇರುವ ಬಿಸಿಗಾಳಿ ರೆಕ್ಕೆಚಕ್ರವನ್ನು ತಿರುಗಿಸುತ್ತದೆ, ಚಕ್ರ ಸರಳನ್ನು ತಿರುಗಿಸುತ್ತದೆ. ಬೆಂಕಿ ಜೋರಾದರೆ ಸುತ್ತೂ ಜೋರು. ಉರಿ ಹೆಚ್ಚಾದಾಗಲೇ ಚರ್ಮಕ್ಕೆ ರಕ್ಷಣೆ ಬೇಕು, ಆಗಲೇ ಅದು ಸಿಗುತ್ತದೆ. ಇಂದಿನ ಮೋಟಾರಿಗೆ ಈ ಬುದ್ಧಿ ಇಲ್ಲ. ಇಂಗ್ಲೆಂಡಿನ ದೊಡ್ಡ ಅಡುಗೆಮನೆಗಳಲ್ಲಿ ಸರಳು ತಿರುಗಿಸಲೆಂದೇ ಗಿಡ್ಡ ಕಾಲಿನ ನಾಯಿಗಳನ್ನು ಚಕ್ರದೊಳಗೆ ಓಡಿಸುತ್ತಿದ್ದರು. 19ನೇ ಶತಮಾನದಲ್ಲಿ ಯಂತ್ರಗಳು ಅವುಗಳನ್ನು ಆ ಜೀತದಿಂದ ಬಿಡಿಸಿದವು.

ಚರ್ಮದ ಕಡೆಗೆ ಬರೋಣ, ಏಕೆಂದರೆ ಕೆಂಡದ ಕೋಳಿಯನ್ನು ಜನ ಬಯಸುವುದೇ ಅದಕ್ಕಾಗಿ. ಹಸಿ ಚರ್ಮದಲ್ಲಿ ನೀರು ತುಂಬಿರುತ್ತದೆ. ನೀರಿರುವಷ್ಟು ಹೊತ್ತೂ ಅದರ ಉಷ್ಣತೆ 100 ಡಿಗ್ರಿಯ ಗೆರೆ ದಾಟುವುದು ಕಷ್ಟ, ಬಂದ ಶಕ್ತಿಯೆಲ್ಲ ನೀರನ್ನು ಆವಿಯಾಗಿಸಲು ಖರ್ಚಾಗುತ್ತದೆ. ಒಂದು ಗ್ರಾಂ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು 4.2 ಜೂಲ್ ಸಾಕಾದರೆ, ಅದೇ ಗ್ರಾಂ ನೀರನ್ನು ಆವಿಯಾಗಿಸಲು ಸುಮಾರು 2,260 ಜೂಲ್ ಬೇಕು. ಕಂದು ಬಣ್ಣವನ್ನೂ ಹುರಿದ ಪರಿಮಳವನ್ನೂ ಕೊಡುವುದು ಅಮೈನೋ ಆಮ್ಲಗಳು ಮತ್ತು ಸಕ್ಕರೆಗಳ ನಡುವಿನ ಕ್ರಿಯೆ. 1912ರಲ್ಲಿ ಇದನ್ನು ವಿವರಿಸಿದ ಲೂಯಿ ಕಮಿಲ್ ಮಯಾರ್ ಹೆಸರೇ ಅದಕ್ಕಿದೆ. ಅದು ಚುರುಕಾಗುವುದು 140 ಡಿಗ್ರಿಯ ಮೇಲೆ. ಅಂದರೆ ಚರ್ಮ ಒಣಗುವವರೆಗೆ ಬಣ್ಣಕ್ಕಾಗಿ ಕಾಯುವುದು ವ್ಯರ್ಥ. ಹಿಂದಿನ ರಾತ್ರಿಯೇ ಕೋಳಿಗೆ ಉಪ್ಪು ಸವರಿ, ಮುಚ್ಚದೆ ಫ್ರಿಜ್ಜಿನಲ್ಲಿಡುವುದಕ್ಕಿಂತ ದೊಡ್ಡ ಉಪಾಯ ಇದರಲ್ಲಿಲ್ಲ. ಫ್ರಿಜ್ಜಿನ ಒಣಗಾಳಿ ನೀರನ್ನು ಎಳೆಯುತ್ತದೆ. ಉಪ್ಪು ಒಳಗಿಳಿದು ಮಾಂಸದ ಪ್ರೋಟೀನುಗಳನ್ನು ಸಡಿಲಿಸಿ, ಬೇಯುವಾಗ ರಸ ಹಿಡಿದಿಟ್ಟುಕೊಳ್ಳಲು ನೆರವಾಗುತ್ತದೆ. ಬೆಳಗ್ಗೆ ಮುಟ್ಟಿದರೆ ಚರ್ಮ ಬಿಗಿದ ಕಾಗದದಂತಿರಬೇಕು.

ಒಳಗಿನ ಮಾಂಸದಲ್ಲಿ ತಕರಾರು ಬೇರೆ. ಸುಮಾರು 50 ಡಿಗ್ರಿ ದಾಟಿದಾಗ ಮಯೋಸಿನ್ ಪ್ರೋಟೀನು ಗಟ್ಟಿಯಾಗತೊಡಗುತ್ತದೆ, ಮಾಂಸ ಹಸಿತನ ಬಿಡುತ್ತದೆ. 66ರಿಂದ 73ರ ನಡುವೆ ಆಕ್ಟಿನ್ ಎಂಬ ಇನ್ನೊಂದು ಪ್ರೋಟೀನು ಮುರುಟುತ್ತದೆ, ಆಗ ರಸ ಹಿಂಡಿ ಹೊರಬರುತ್ತದೆ. ಎದೆಮಾಂಸ ಅಲ್ಲಿಗೆ ಒರಟಾಗುತ್ತದೆ. ತೊಡೆಯಲ್ಲಿ ಮಾಂಸದ ಎಳೆಗಳನ್ನು ಹಿಡಿದಿಡುವ ಗಟ್ಟಿ ಪ್ರೋಟೀನು, ಕೊಲಾಜೆನ್, ಹೆಚ್ಚು. ಅದು ಕರಗಿ ಜೆಲಟಿನ್ ಆಗಲು 75, 80 ಡಿಗ್ರಿಯವರೆಗೆ ಹೋಗುವುದೇ ಲೇಸು. ಒಂದೇ ಹಕ್ಕಿ, ಎರಡು ಹದ. ಇಲ್ಲಿ ತಿರುಗಾಟ ಏನಾದರೂ ಮಾಡುತ್ತದೆಯೇ ಎಂದರೆ, ತಾನಾಗಿ ಏನೂ ಮಾಡುವುದಿಲ್ಲ. ಅದು ಸರಳಿನ ಸುತ್ತಲಿನ ವ್ಯತ್ಯಾಸವನ್ನು ಅಳಿಸುತ್ತದೆ, ಸರಳಿನ ಉದ್ದಕ್ಕೂ ಇರುವ ವ್ಯತ್ಯಾಸವನ್ನು ಮುಟ್ಟುವುದಿಲ್ಲ. ಅಡುಗೆಯವರ ಕೈಚಳಕಕ್ಕೆ ಜಾಗ ಉಳಿದಿರುವುದು ಇಲ್ಲೇ. ಕೋಳಿಯ ಕಾಲುಗಳಿರುವ ಕಡೆಗೆ ಕೆಂಡ ಹೆಚ್ಚು ರಾಶಿ ಹಾಕಿ, ಕತ್ತಿನ ಕಡೆ ಕಡಿಮೆ ಇಟ್ಟರೆ ತೊಡೆ ಮುಂದೆ ಓಡುತ್ತದೆ, ಎದೆ ಹಿಂದೆ ಉಳಿಯುತ್ತದೆ. ಕೆಂಡವನ್ನು ಸಮನಾಗಿ ಹರಡುವುದು ನನ್ನ ಪ್ರಕಾರ ಈ ಸಲಕರಣೆಯ ಅರ್ಧ ಶಕ್ತಿಯನ್ನು ಪೋಲು ಮಾಡಿದಂತೆ.

ಆರೋಗ್ಯದ ದೃಷ್ಟಿಯಿಂದ ಅಮೆರಿಕದ ಕೃಷಿ ಇಲಾಖೆ ಕೋಳಿಗೆ ಹೇಳುವ ಅಂಕಿ 74 ಡಿಗ್ರಿ. ಆ ಬಿಸಿಯಲ್ಲಿ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಕ್ಷಣಗಳಲ್ಲಿ ಸಾಯುತ್ತದೆ. ಅದಕ್ಕಿಂತ ಕೆಳಗೂ ಸಾಯುತ್ತದೆ, ಆದರೆ ನಿಮಿಷಗಟ್ಟಲೆ ಆ ಬಿಸಿ ನಿಂತಿರಬೇಕು. ಮನೆಯಲ್ಲಿ ಅದನ್ನು ಅಳೆಯುತ್ತಾ ಕೂರುವ ತಾಳ್ಮೆ ಇಲ್ಲದವರು 74ನ್ನೇ ಹಿಡಿಯುವುದು ಒಳ್ಳೆಯದು. ಥರ್ಮಾಮೀಟರಿನ ಮೊನೆ ಮೂಳೆಗೂ ಸರಳಿಗೂ ತಾಗದಂತೆ ದಪ್ಪ ಮಾಂಸದ ನಡುವಿಗೆ ಹೋಗಬೇಕು. ಬಣ್ಣ ನೋಡಿ ತೀರ್ಮಾನಿಸಬಾರದು. ಎಳೆಯ ಕೋಳಿಯ ಮೂಳೆಯಿಂದ ಮಜ್ಜೆಯ ಬಣ್ಣ ಒಸರಿ, ಪೂರ್ತಿ ಬೆಂದ ತೊಡೆಯೂ ಮೂಳೆಯ ಬಳಿ ಕೆಂಪಗೆ ಕಾಣುವುದುಂಟು.

ಸರಳಿಗೆ ಏರಿಸುವಾಗ ತೂಕದ ಕಡೆ ಗಮನವಿರಲಿ. ಸರಳಿನ ಎರಡು ತುದಿಗಳನ್ನು ಎರಡೂ ಅಂಗೈಗಳ ಮೇಲೆ ಸಡಿಲವಾಗಿ ಇಟ್ಟುಕೊಳ್ಳಿ. ಭಾರದ ಬದಿ, ಸಾಮಾನ್ಯವಾಗಿ ಎದೆ, ತಾನಾಗಿ ಹೊರಳಿ ಕೆಳಗೆ ಬಂದು ನಿಲ್ಲುತ್ತದೆ. ಹಾಗೆಯೇ ಮೋಟಾರಿಗೆ ಕೊಟ್ಟರೆ ಭಾರದ ಬದಿಯನ್ನು ಮೇಲೆತ್ತುವಾಗ ಮೋಟಾರು ತಿಣುಕುತ್ತದೆ, ತುದಿ ದಾಟಿದೊಡನೆ ಕೋಳಿ ದಡಕ್ಕನೆ ಬೀಳುತ್ತದೆ. ಸುತ್ತು ಸಮನಾಗಿಲ್ಲದಿದ್ದರೆ ಮೇಲೆ ಹೇಳಿದ ಸರಾಸರಿಯ ಲೆಕ್ಕವೂ ಕೆಡುತ್ತದೆ, ಒಂದು ಬದಿ ಕೆಂಡದೆದುರು ಹೆಚ್ಚು ಹೊತ್ತು ತಂಗುತ್ತದೆ. ಸರಳನ್ನು ತೆಗೆದು ತುಸು ಎದೆಯ ಕಡೆಗೆ ಸರಿಸಿ ಪೋಣಿಸಿದರೆ ಹೆಚ್ಚಿನ ಸಲ ಸರಿಹೋಗುತ್ತದೆ. ರೆಕ್ಕೆ, ಕಾಲುಗಳನ್ನು ಹತ್ತಿಯ ದಾರದಿಂದ ಮೈಗೆ ಬಿಗಿಯಾಗಿ ಕಟ್ಟಬೇಕು. ಜೋತಾಡುವ ರೆಕ್ಕೆ ಕೆಂಡಕ್ಕೆ ಹತ್ತಿರವಾಗಿ ಮೊದಲು ಇದ್ದಿಲಾಗುವುದು ಅದೇ.

ತಿರುಗುವ ಕೋಳಿ ತನ್ನ ಕೊಬ್ಬನ್ನು ತಾನೇ ಸವರಿಕೊಳ್ಳುತ್ತದೆ ಎನ್ನುತ್ತಾರೆ. ಇದು ಎಷ್ಟರಮಟ್ಟಿಗೆ ನಿಜ? ತಿರುಗುವ ಉರುಳೆಯ ಮೇಲೆ ಎಷ್ಟು ದ್ರವ ಅಂಟಿಕೊಂಡು ನಿಲ್ಲಬಲ್ಲದು ಎಂಬುದನ್ನು ಗಣಿತಜ್ಞ ಎಚ್. ಕೆ. ಮೊಫಾಟ್ 1977ರಲ್ಲಿ ವಿಶ್ಲೇಷಿಸಿದ್ದರು. ದ್ರವ ಮಂದವಾಗಿದ್ದಷ್ಟೂ, ಸುತ್ತು ವೇಗವಾಗಿದ್ದಷ್ಟೂ ಪದರ ದಪ್ಪ. ಕಾದ ಕೊಬ್ಬು ನೀರಿಗಿಂತ ಕೆಲವು ಪಟ್ಟಷ್ಟೇ ಮಂದ, ಆದ್ದರಿಂದ ಕೋಳಿಯ ವೇಗದಲ್ಲಿ ಸುಮಾರು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ಪದರವನ್ನಷ್ಟೇ ಹೊರಬಹುದು. ಉಳಿದದ್ದು ತೊಟ್ಟಿಕ್ಕುತ್ತದೆ. ಆ ತೆಳು ಪದರವೇನೂ ನಿರುಪಯೋಗಿಯಲ್ಲ. ಕೆಂಡದೆದುರು ಬಂದ ಚರ್ಮವನ್ನು ಹತ್ತಿರದಿಂದ ನೋಡಿದರೆ, ಸಣ್ಣ ಗುಳ್ಳೆಗಳೆದ್ದು ಚಟಪಟಿಸಿ, ಮೇಲಕ್ಕೆ ಸಾಗುತ್ತಾ ಶಾಂತವಾಗುವುದು ಕಾಣುತ್ತದೆ. ಚರ್ಮ ತನ್ನದೇ ಕೊಬ್ಬಿನಲ್ಲಿ ಕಂತು ಕಂತಾಗಿ ಕರಿಯುತ್ತಿರುತ್ತದೆ. ಸಕ್ಕರೆ, ಜೇನು ಬೆರೆತ ಮಂದ ಸಾಸು ಚೆನ್ನಾಗಿ ಅಂಟುತ್ತದೆ ನಿಜ, ಆದರೆ ಬೇಗ ಸೀಯುವುದೂ ಅದೇ. ಅದನ್ನು ಕೊನೆಯ ಹತ್ತು ನಿಮಿಷಕ್ಕೆ ಇಟ್ಟುಕೊಳ್ಳಿ.

ತೊಟ್ಟಿಕ್ಕುವ ಕೊಬ್ಬು ನೇರ ಕೆಂಡದ ಮೇಲೆ ಬಿದ್ದರೆ ಜ್ವಾಲೆ ಏಳುತ್ತದೆ. ಆ ಹೊಗೆಯಲ್ಲಿ ಬೆಂಜೋಪೈರೀನ್‌ನಂಥ ಕ್ಯಾನ್ಸರ್‌ಕಾರಕಗಳು ಹುಟ್ಟಿ ಮಾಂಸಕ್ಕೆ ಅಂಟುತ್ತವೆ. ಕೆಂಡದ ಅಡುಗೆಯ ಘಮ ಬಹುಪಾಲು ಹುಟ್ಟುವುದೂ ಹೀಗೆ ಸುಟ್ಟ ಕೊಬ್ಬಿನಿಂದಲೇ ಎಂಬುದು ಇಲ್ಲಿಯ ತಮಾಷೆ. ಇದ್ದಿಲಿಗೆ ತನ್ನದೆಂಬ ವಾಸನೆ ಕಡಿಮೆ. ಕೆಂಡವನ್ನು ಎರಡು ಬದಿಗೆ ಸರಿಸಿ ನಡುವೆ ತಟ್ಟೆ ಇಟ್ಟರೆ ಹೆಚ್ಚಿನ ಕೊಬ್ಬು ತಟ್ಟೆಗೆ ಬೀಳುತ್ತದೆ, ಅಂಚಿಗೆ ಸಿಡಿದ ಹನಿಗಳು ಘಮಕ್ಕೆ ಸಾಕು. ಮುಚ್ಚಳ ಹಾಕಿ ಒಳಗಿನ ಗಾಳಿಯನ್ನು 180ರಿಂದ 200 ಡಿಗ್ರಿಯಲ್ಲಿ ನಿಲ್ಲಿಸಿದರೆ ಒಂದೂವರೆ ಕಿಲೋ ಕೋಳಿಗೆ ಒಂದರಿಂದ ಒಂದೂಕಾಲು ಗಂಟೆ ಹಿಡಿಯುತ್ತದೆ. ಇದೆಲ್ಲ ಬಯಲಿನಲ್ಲೇ ಆಗಬೇಕು. ಮಳೆ ಬಂತೆಂದು ಗ್ಯಾರೇಜಿಗೆ ಎಳೆದುಕೊಂಡರೂ ಅಪಾಯ. ಕೆಂಡ ಉಗುಳುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ, ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ.

ಇಳಿಸಿದ ಮೇಲೂ ಹೊರಗಿನ ಬಿಸಿ ಒಳಕ್ಕೆ ಸಾಗುತ್ತಲೇ ಇರುತ್ತದೆ, ಮಾಂಸದ ನಡುವಿನ ಉಷ್ಣತೆ ಇನ್ನೂ ಮೂರ್ನಾಲ್ಕು ಡಿಗ್ರಿ ಏರಬಹುದು. ಎದೆ 70ರ ಆಸುಪಾಸಿಗೆ ಬಂದಾಗ ಇಳಿಸಿ, ಅದು 74 ಮುಟ್ಟಿತೇ ಎಂದು ಥರ್ಮಾಮೀಟರಿನಲ್ಲಿ ನೋಡಿಕೊಂಡೇ ಕೊಯ್ಯಬೇಕು. ಮುಟ್ಟದಿದ್ದರೆ ಮತ್ತೆ ಕೆಂಡದೆದುರು ಐದು ನಿಮಿಷ. ಇಳಿಸಿದ ಮೇಲಿನ ಹತ್ತು ಹದಿನೈದು ನಿಮಿಷ ಕೋಳಿಯನ್ನು ಅಲ್ಯೂಮಿನಿಯಂ ಹಾಳೆ ಸುತ್ತಿ ಮುಚ್ಚಿಡುವವರಿದ್ದಾರೆ. ಒಳಗಿಂದ ಬರುವ ಆವಿಗೆ ಹೋಗಲು ದಾರಿಯಿಲ್ಲದೆ, ರಾತ್ರಿಯೆಲ್ಲ ಒಣಗಿಸಿ ಗಂಟೆಗಟ್ಟಲೆ ಗರಿಗರಿ ಮಾಡಿದ ಚರ್ಮ ಮತ್ತೆ ಮೆತ್ತಗಾಗುತ್ತದೆ. ತೆರೆದೇ ಇಡಿ. ಸರಳನ್ನು ಎಳೆಯುವ ಮೊದಲು ಕೈಗೆ ದಪ್ಪ ಗವಸಿರಲಿ.